ಕರ್ನಲಿನ ಸಾಮರ್ಥ್ಯವನ್ನು ಅರಿಯುವ ಬಗೆ

ಇಂದಿನ ಯುಗವು ಗಣಕಯಂತ್ರದ ಯುಗವೆಂದು ಹೇಳುವುದು ರೂಢಿ. ಆದರೆ ನಮ್ಮಲ್ಲಿ ಅನೇಕರು ಯಂತ್ರವನ್ನು ಬಳಸಬಲ್ಲೆವೇ ಹೊರತು ಅದನ್ನು ಪ್ರಶ್ನಿಸಲಾರೆವು. ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧವನ್ನು ಪೆನ್‌ಡ್ರೈವಿನಲ್ಲಿ ತಂದು ಹಳೆಯದೊಂದು ಲಿನಕ್ಸ್ ಗಣಕಕ್ಕೆ ಜೋಡಿಸಿದನೆಂದು ಇಟ್ಟುಕೊಳ್ಳೋಣ. ಯಂತ್ರವು ಅದನ್ನು ಓದುವುದಿಲ್ಲ. ಪಕ್ಕದವರು "ಡ್ರೈವ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿಬಿಡು" ಎಂದು ಬುದ್ಧಿ ಹೇಳುತ್ತಾರೆ. ಹಾಗೆ ಮಾಡಿದರೆ ತಿಂಗಳುಗಟ್ಟಲೆ ಬರೆದುದು ಕ್ಷಣದಲ್ಲಿ ಕೈಬಿಟ್ಟು ಹೋದೀತು. ನಿಜವಾಗಿ ಡ್ರೈವ್ ಕೆಟ್ಟಿರದೆ, ಅದರಲ್ಲಿ ಕಡತಗಳನ್ನು ಜೋಡಿಸಿಟ್ಟ ಕ್ರಮವನ್ನು ಓದುವ ಶಕ್ತಿಯು ಆ ಯಂತ್ರದ ಕರ್ನಲಿಗೆ ಇಲ್ಲದಿರಬಹುದು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯು ಇಲ್ಲಿ ಸಲ್ಲತಕ್ಕದ್ದು.

ಕರ್ನಲ್ ಎಂದರೇನು? ನಮ್ಮ ವಿರೂಪಾಪುರಗಡ್ಡೆಗೂ ಹಂಪಿಗೂ ನಡುವೆ ತುಂಗಭದ್ರೆ ಹರಿಯುತ್ತಾಳೆ. ಹೊಳೆ ದಾಟಬೇಕಾದವನು ಅಂಬಿಗನನ್ನು ಕೇಳಬೇಕು. ಅದರಂತೆಯೇ ನಾವು ಬಳಸುವ ತಂತ್ರಾಂಶಗಳು ಒಂದು ದಡದಲ್ಲಿವೆ. ಡಿಸ್ಕು, ಕೀಲಿಮಣೆ, ಪರದೆ ಮೊದಲಾದ ಸಾಮಗ್ರಿಗಳು ಇನ್ನೊಂದು ದಡದಲ್ಲಿವೆ. ಇವೆರಡರ ನಡುವೆ ಕೆಲಸ ಸಾಗಿಸುವ ಅಂಬಿಗನೇ ಕರ್ನಲ್. ಲಿನಕ್ಸ್ ಎಂಬ ಕರ್ನಲನ್ನು 1991ರಲ್ಲಿ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಆಗ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದರೆಂಬುದು ನಮಗೆಲ್ಲ ಉತ್ಸಾಹ ತರುವ ಸಂಗತಿ. ನಮ್ಮ ಕೈಯ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಇದೇ.

ಆದರೆ ಲಿನಕ್ಸ್ ಇರುವ ಎಲ್ಲ ಯಂತ್ರಗಳೂ ಒಂದೇ ಸಾಮರ್ಥ್ಯದವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ, 2001ರಲ್ಲಿ ಜನರ ಮುಂದಿಟ್ಟ ಸಿಂಪ್ಯೂಟರ್ ಎಂಬ ಅಂಗೈ ಗಣಕವು ಲಿನಕ್ಸಿನಿಂದಲೇ ನಡೆಯುತ್ತಿತ್ತು. ಅದಕ್ಕೆ ಹಾರ್ಡ್ ಡಿಸ್ಕ್ ಇರಲಿಲ್ಲ. ನೆನಪಿನ ಶಕ್ತಿಯೂ ಅಲ್ಪ. ಇಂಥ ಕಿರುಯಂತ್ರಕ್ಕೆ ಕರ್ನಲನ್ನು ಅಣಿಗೊಳಿಸುವಾಗ ಬೇಕಾದುದನ್ನಷ್ಟೇ ಸೇರಿಸುವರು. ದೊಡ್ಡ ಯಂತ್ರಕ್ಕಾದರೆ ಹೆಚ್ಚು ಸೇರಿಸುವರು. ಹೀಗೆ ಆರಿಸಿಕೊಳ್ಳಬಹುದಾದ ಅಂಶಗಳು ಸಾವಿರಾರು.

ಇವುಗಳಲ್ಲಿ ಅನೇಕ ಅಂಶಗಳಿಗೆ ಮೂರು ಅವಸ್ಥೆಗಳುಂಟು. ಮೊದಲನೆಯದು, ಕರ್ನಲಿನೊಳಗೇ ಸೇರಿರುವುದು. ಇದು ಸದಾ ನಿಂತಿರುವ ಸೇತುವೆಯಂತೆ. ಎರಡನೆಯದು, ಮಾಡ್ಯೂಲ್ ರೂಪದಲ್ಲಿ ಹೊರಗಿರುವುದು. ಇದು ದಡದ ಮೇಲೆ ಬೋರಲು ಹಾಕಿದ ಹರಿಗೋಲಿನಂತೆ, ಬೇಕಾದಾಗ ನೀರಿಗಿಳಿಸಬಹುದು. ಮೂರನೆಯದು, ಇಲ್ಲವೇ ಇಲ್ಲದಿರುವುದು.

ಇನ್ನು ಕೇಳುವ ಬಗೆಯನ್ನು ನೋಡೋಣ. ಆಜ್ಞೆಗಳನ್ನು ಉಚ್ಚಾರಣೆಯಂತೆ ಇಲ್ಲಿ ಬರೆದಿದೆ. ಟರ್ಮಿನಲಿನಲ್ಲಿ ರೋಮನ್ ಸಣ್ಣಕ್ಷರಗಳಿಂದ ಬರೆಯಬೇಕು. 'ಯುನೇಮ್ -ಆರ್' ಎಂದರೆ ಕರ್ನಲಿನ ಆವೃತ್ತಿ ತಿಳಿಯುವುದು. 'ಕ್ಯಾಟ್ /ಪ್ರಾಕ್/ಫೈಲ್‌ಸಿಸ್ಟಮ್ಸ್' ಎಂದರೆ ಈ ಗಳಿಗೆಯಲ್ಲಿ ಕರ್ನಲ್ ಬಲ್ಲ ಕಡತಕ್ರಮಗಳ ಪಟ್ಟಿ ಬರುವುದು. ಮೇಲಿನ ಪೆನ್‌ಡ್ರೈವಿನದು ಎಕ್ಸ್‌ಫ್ಯಾಟ್ ಕ್ರಮವೆನ್ನೋಣ. ಅದರ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ನಿರಾಶರಾಗಬೇಕಿಲ್ಲ. ಹರಿಗೋಲು ನೀರಿನಲ್ಲಿಲ್ಲ ಎಂದಷ್ಟೇ ಅದರರ್ಥ; ದಡದ ಮೇಲಿದೆಯೇ ಎಂದು 'ಮಾಡ್‌ಇನ್ಫೋ ಎಕ್ಸ್‌ಫ್ಯಾಟ್' ಎಂಬ ಆಜ್ಞೆಯಿಂದ ಕೇಳಬೇಕು. ಮಾಡ್ಯೂಲ್ ಇದ್ದರೆ ಅದರ ವಿವರ ಬರುವುದು. ಆಡಳಿತದ ಅಧಿಕಾರವುಳ್ಳವರು 'ಮಾಡ್‌ಪ್ರೋಬ್ ಎಕ್ಸ್‌ಫ್ಯಾಟ್' ಎಂದು ಅದನ್ನು ಇಳಿಸಬಹುದು. ಅನೇಕ ವೇಳೆ ಡ್ರೈವ್ ಜೋಡಿಸಿದೊಡನೆ ಅದು ತಾನಾಗಿ ಇಳಿಯುವುದೂ ಉಂಟು.

ಕರ್ನಲನ್ನು ಕಟ್ಟಿದಾಗಿನ ಪೂರ್ಣ ಲೆಕ್ಕವು ಸಾಮಾನ್ಯವಾಗಿ 'ಬೂಟ್' ಎಂಬ ಕೋಶದಲ್ಲಿ, 'ಕಾನ್ಫಿಗ್' ಎಂಬ ಪದದ ಮುಂದೆ ಆವೃತ್ತಿಯನ್ನು ಹೊತ್ತ ಕಡತದಲ್ಲಿರುತ್ತದೆ. 'ಗ್ರೆಪ್' ಆಜ್ಞೆಯಿಂದ ಅದರಲ್ಲಿ ಎಕ್ಸ್‌ಫ್ಯಾಟ್ ಪದವನ್ನು, ಇಲ್ಲಿ ಮಾತ್ರ ದೊಡ್ಡಕ್ಷರದಲ್ಲಿ ಬರೆದು, ಹುಡುಕಬೇಕು. ಸಾಲಿನ ಕೊನೆಗೆ 'ವೈ' ಅಕ್ಷರವಿದ್ದರೆ ಸೇತುವೆ. 'ಎಂ' ಇದ್ದರೆ ಹರಿಗೋಲು. 'ಈಸ್ ನಾಟ್ ಸೆಟ್' ಎಂದಿದ್ದರೆ, ಅಥವಾ ಅಂಥ ಸಾಲೇ ಇಲ್ಲದಿದ್ದರೆ, ಆ ಕರ್ನಲಿನಲ್ಲಿ ದಾರಿಯಿಲ್ಲ.

ಆವೃತ್ತಿಯ ಸಂಖ್ಯೆಯೊಂದೇ ಸಾಲದೇ ಎಂದು ಕೇಳಬಹುದು. ಎಕ್ಸ್‌ಫ್ಯಾಟ್ ಲಿನಕ್ಸಿಗೆ ಪ್ರಾಯೋಗಿಕವಾಗಿ ಬಂದುದು 2019ರ 5.4ನೆಯ ಆವೃತ್ತಿಯಲ್ಲಿ, ಸುಧಾರಿಸಿ ನೆಲೆಗೊಂಡುದು 2020ರ 5.7ರಲ್ಲಿ. ಆದರೆ ಹೊಸ ಅಂಶವನ್ನು ಹಳೆಯ ಸಂಖ್ಯೆಯ ಕರ್ನಲಿಗೆ ಸೇರಿಸಿ ಹಂಚುವ ವಿತರಕರಿದ್ದಾರೆ. ಹೊಸ ಕರ್ನಲಿನಿಂದ ಬೇಡವೆಂದು ತೆಗೆಯುವವರೂ ಇದ್ದಾರೆ. ಆದುದರಿಂದ ಸಂಖ್ಯೆಯು ಊಹೆಗೆ ಸಹಾಯಕವೇ ಹೊರತು ನಿರ್ಣಯಕ್ಕಲ್ಲ. ಕರ್ನಲಿನಲ್ಲಿ ಇಲ್ಲವೆಂದು ಸಿದ್ಧವಾದರೂ ಹೊರಗಿನ ಸಹಾಯಕ ತಂತ್ರಾಂಶದಿಂದ ಓದಿಸಬಹುದು, ಇಲ್ಲವೆ ಬೇರೆ ಯಂತ್ರಕ್ಕೆ ಒಯ್ಯಬಹುದು. ಫಾರ್ಮ್ಯಾಟ್ ಮಾಡುವುದಂತೂ ಉಪಾಯವಲ್ಲ.

ಕಲಾ ವಿಭಾಗದ ನಮಗೆ ಈ ಗೊಡವೆ ಏಕೆಂದು ಕೆಲವರು ನಗಬಹುದು. ಮನೆಯಲ್ಲಿ ಇಂಥ ವಿಷಯವನ್ನು ಕೇಳಿ ತಿಳಿಯಲು ಓದಿದ ಹಿರಿಯರಿಲ್ಲದ ನಮ್ಮಂಥವರು, ತಿಳಿದವರಂತೆ ಮಾತನಾಡುವವರ ಮಾತಿಗೆ ಬೇಗನೆ ತಲೆಬಾಗುತ್ತೇವೆ. ಆದರೆ ಯಂತ್ರವು ಕೇಳುವವನ ಕುಲ, ಊರು, ಓದುಗಳನ್ನು ವಿಚಾರಿಸುವುದಿಲ್ಲ; ಸರಿಯಾಗಿ ಕೇಳಿದವನಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ಮೇಲಿನ ಆಜ್ಞೆಗಳಲ್ಲಿ ಮಾಡ್‌ಪ್ರೋಬ್ ಒಂದನ್ನುಳಿದು ಮಿಕ್ಕವೆಲ್ಲ ಬರಿಯ ಪ್ರಶ್ನೆಗಳು. ಅವುಗಳಿಂದ ಯಂತ್ರಕ್ಕೆ ಕೇಡಿಲ್ಲ. ಸಹಪಾಠಿಗಳು ಸಂಕೋಚ ಬಿಟ್ಟು ಒಮ್ಮೆ ಕೇಳಿ ನೋಡಲಿ.