ಸುಲ್ತಾನ್ ಖಾನ್–ಕಾಪಾಬ್ಲಾಂಕಾ ಪಂದ್ಯ

ಸುಲ್ತಾನ್ ಖಾನ್–ಕಾಪಾಬ್ಲಾಂಕಾ ಪಂದ್ಯವು ಇಂಗ್ಲೆಂಡಿನ ಹೇಸ್ಟಿಂಗ್ಸ್ ನಗರದಲ್ಲಿ ನಡೆದ 1930–31ರ ಚದುರಂಗ ಪಂದ್ಯಾವಳಿಯ ಒಂದು ಪ್ರಸಿದ್ಧ ಆಟ. ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬಿಳಿ ಕಾಯಿಗಳೊಂದಿಗೆ ಆಡಿ, 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಹೊಸೆ ರೌಲ್ ಕಾಪಾಬ್ಲಾಂಕಾ ಅವರನ್ನು 65 ನಡೆಗಳಲ್ಲಿ ಸೋಲಿಸಿದರು. ಆಟಗಾರರ ಬಲವನ್ನು ಅಂಕಿಗಳಲ್ಲಿ ಅಳೆಯುವ ಎಲೋ ರೇಟಿಂಗ್ ಪದ್ಧತಿಯನ್ನು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವು (ಫಿಡೆ) ಅಳವಡಿಸಿಕೊಂಡದ್ದು 1970ರಲ್ಲಿ. ಆದರೂ ಇವರಿಬ್ಬರಲ್ಲಿ ಯಾರ ಸ್ಥಾನ ಮೇಲಿನದೆಂಬ ಬಗ್ಗೆ ಅಂದು ಯಾರಿಗೂ ಸಂದೇಹವಿರಲಿಲ್ಲ.

ಹಿನ್ನೆಲೆ

ಸುಲ್ತಾನ್ ಖಾನ್ ಬಾಲ್ಯದಲ್ಲಿ ಕಲಿತದ್ದು ಭಾರತೀಯ ಪದ್ಧತಿಯ ಚದುರಂಗ. ಅದರಲ್ಲಿ ಪದಾತಿಯು ಮೊದಲ ನಡೆಯಲ್ಲಿ ಎರಡು ಮನೆ ಮುಂದೆ ಹೋಗುವಂತಿಲ್ಲ. ಪಾಶ್ಚಾತ್ಯ ಆಟದ ಕ್ಯಾಸ್ಲಿಂಗ್ ಕೂಡ ಇಲ್ಲ. ಪಾಶ್ಚಾತ್ಯ ನಿಯಮಗಳನ್ನು ಅವರು ವಯಸ್ಕರಾದ ಮೇಲೆ ಕಲಿತರು. ಆಶ್ರಯದಾತ ಸರ್ ಉಮರ್ ಹಯಾತ್ ಖಾನ್ ಅವರೊಡನೆ 1929ರಲ್ಲಿ ಲಂಡನ್ನಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. ಆರಂಭಿಕ ನಡೆಗಳ ಪುಸ್ತಕಜ್ಞಾನ ಅವರಿಗೆ ಅತ್ಯಲ್ಪವಾಗಿತ್ತು.

ಆಟದ ಗತಿ

ಆಟವು ಕ್ವೀನ್ಸ್ ಇಂಡಿಯನ್ ರಕ್ಷಣೆಯ ಮಾದರಿಯಲ್ಲಿ ಆರಂಭವಾಯಿತು. 21ರಿಂದ 24ನೇ ನಡೆಯವರೆಗಿನ ವಿನಿಮಯದಲ್ಲಿ ಕಾಪಾಬ್ಲಾಂಕಾ ತಮ್ಮ ಎರಡು ಆನೆಗಳನ್ನು ಕೊಟ್ಟು ಬಿಳಿಯ ರಾಣಿಯನ್ನು ಪಡೆದರು. ಬಯಲು ಸ್ಥಿತಿಯಲ್ಲಿ ರಾಣಿಯು ಎರಡು ಆನೆಗಳಿಗೆ ಸರಿಸಾಟಿಯಾಗಬಲ್ಲದು. ಇಲ್ಲಿ ಹಾಗಾಗಲಿಲ್ಲ. ಮಧ್ಯಭಾಗವು ಪದಾತಿಗಳಿಂದ ಮುಚ್ಚಿಹೋಗಿತ್ತು. ತೆರೆದಿದ್ದ ಏಕೈಕ ಸಾಲು, ಅಂದರೆ ಸಿ-ಸಾಲು, ಬಿಳಿಯ ಆನೆಗಳ ವಶವಾಯಿತು. ಕಪ್ಪಿನ ಬಿ7 ಮನೆಯ ಒಂಟೆಗೆ ಸ್ವಂತ ಪದಾತಿಯೇ ಅಡ್ಡವಾಗಿತ್ತು. ಕಪ್ಪು ರಾಣಿ ಎಚ್3 ಮತ್ತು ಎಚ್4 ಮನೆಗಳ ನಡುವೆ ಮತ್ತೆ ಮತ್ತೆ ಓಡಾಡುವುದನ್ನು ಬಿಟ್ಟರೆ ಹೆಚ್ಚೇನೂ ಮಾಡಲಾಗಲಿಲ್ಲ.

ಈ ಅವಧಿಯಲ್ಲಿ ಸುಲ್ತಾನ್ ಖಾನ್ ಅವಸರಪಡಲಿಲ್ಲ. ರಾಜನನ್ನು ರಾಣಿಯ ಬದಿಗೆ ನಿಧಾನವಾಗಿ ಸಾಗಿಸಿ, 45ನೇ ನಡೆಯಲ್ಲಿ ಪದಾತಿಯನ್ನು ಬಿ5ಕ್ಕೆ ಮುಂದೂಡಿದರು. 52ನೇ ನಡೆಯಲ್ಲಿ ಕಪ್ಪು ಒಂಟೆ ಸಿ8ಕ್ಕೆ ಸರಿದುದೇ ತಡ, ಬಿಳಿಯ ಆನೆ ಸಿ6ಕ್ಕೆ ನುಗ್ಗಿತು. 59ನೇ ನಡೆಯಲ್ಲಿ ಕಾಪಾಬ್ಲಾಂಕಾ ಜಿ5ರ ಪದಾತಿಯನ್ನು ಕಬಳಿಸಿದರಾದರೂ, ಎರಡು ನಡೆಗಳ ಬಳಿಕ ಬಿ6ರ ಪದಾತಿಯನ್ನು ಕಳೆದುಕೊಂಡರು. ಬಿ-ಸಾಲಿನ ಬಿಳಿ ಪದಾತಿಗೆ ದಾರಿ ತೆರೆಯಿತು. ಅದನ್ನು ತಡೆಯುವ ಉಪಾಯವಿಲ್ಲದೆ ಕಾಪಾಬ್ಲಾಂಕಾ ಸೋಲೊಪ್ಪಿದರು.

ನಂತರ

ಪಂದ್ಯಾವಳಿಯಲ್ಲಿ ನೆದರ್ಲೆಂಡ್ಸ್‌ನ ಮ್ಯಾಕ್ಸ್ ಯೂವೆ ಪ್ರಥಮ, ಕಾಪಾಬ್ಲಾಂಕಾ ದ್ವಿತೀಯ, ಸುಲ್ತಾನ್ ಖಾನ್ ತೃತೀಯ ಸ್ಥಾನ ಪಡೆದರು. 1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್ ಆದ ಸುಲ್ತಾನ್ ಖಾನ್, ಆಶ್ರಯದಾತರೊಡನೆ ಸ್ವದೇಶಕ್ಕೆ ಮರಳಿದ ಮೇಲೆ ಅಂತರರಾಷ್ಟ್ರೀಯ ಆಟದಿಂದ ದೂರವಾದರು. 1966ರಲ್ಲಿ ಪಾಕಿಸ್ತಾನದಲ್ಲಿ ನಿಧನರಾದ ಅವರಿಗೆ ಫಿಡೆಯು 2024ರಲ್ಲಿ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ನೀಡಿತು.