ಪರಮಪದ ಸೋಪಾನಪಟವನ್ನು ಆಡುವ ಬಗೆ

ಕಳೆದ ದೀಪಾವಳಿಗೆ ಮುಂಚೆ ವಾಚನಾಲಯದ ಕಪಾಟುಗಳನ್ನು ಝಾಡಿಸುತ್ತಿದ್ದಾಗ, ಹಿರಿಯ ಸದಸ್ಯರೊಬ್ಬರು ಊರಿಗೆ ಮರಳುವಾಗ ಬಿಟ್ಟುಹೋಗಿದ್ದ ಪುಸ್ತಕದ ಗಂಟಿನಲ್ಲಿ ನಾಲ್ಕು ಮಡಿಕೆಯ ಒಂದು ದಪ್ಪ ಕಾಗದ ನಮಗೆ ಸಿಕ್ಕಿತು. ಮೊದಲು ಹಳೆಯ ಪಂಚಾಂಗದ ಹಾಳೆ ಎಂದೇ ತಿಳಿದೆವು. ಬಿಡಿಸಿ ನೋಡಿದರೆ ಮನೆಗಳು, ಮನೆಗಳ ನಡುವೆ ಹಾವುಗಳು, ಏಣಿಗಳು. "ಇದು ಸಾಪ್‌ಶಿಡಿ, ಮಕ್ಕಳ ಆಟ" ಎಂದು ಒಬ್ಬರು ಬದಿಗಿಟ್ಟರು. ಆದರೆ ಅಂಗಡಿಯಲ್ಲಿ ಸಿಗುವ ಮಕ್ಕಳ ಆಟಕ್ಕೆ 100 ಮನೆ, ಇದಕ್ಕೆ 72. ಅದರಲ್ಲಿ ಬರಿಯ ಅಂಕಿ. ಇದರಲ್ಲಿ ಪ್ರತಿಯೊಂದು ಮನೆಗೂ ಹೆಸರು. ಜನ್ಮ, ಮಾಯೆ, ಕ್ರೋಧ, ಲೋಭ ಎಂದು ಕೆಳಗಿನಿಂದ ಆರಂಭವಾಗಿ ಮೇಲಿನ ಸಾಲಿನ ನಡುವೆ ವೈಕುಂಠವಿತ್ತು. ಗುಲಬರ್ಗಾ ಕಡೆಯ ಹಿರಿಯರೊಬ್ಬರು ಅದನ್ನು ನೋಡಿದವರೇ, "ಏಕಾದಶಿ ರಾತ್ರಿ ನಿದ್ದಿ ಬರಬಾರ್ದಂತ ನಮ್ಮವ್ವ ಆಡತಿದ್ಲರೀ ಇದನ್ನ" ಎಂದರು.

ಆಡುವ ಕ್ರಮ ಮಾತ್ರ ಕಾಗದದಲ್ಲಿ ಎಲ್ಲಿಯೂ ಅಚ್ಚಾಗಿರಲಿಲ್ಲ. ಅವರಿವರನ್ನು ಕೇಳಿ, ಪುಸ್ತಕ ನೋಡಿ, ನಾಲ್ಕಾರು ಭಾನುವಾರ ಆಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪುಣೆಯಲ್ಲಿರುವ ನಮಗೆ ಈ ಆಟ ಹೊರಗಿನದಲ್ಲ. ಮರಾಠಿಯಲ್ಲಿ ಇದಕ್ಕೆ ಮೋಕ್ಷಪಟ ಎನ್ನುತ್ತಾರೆ. ನಾವು ರಜೆಯ ದಿನ ಹೋಗಿಬರುವ ಆಳಂದಿಯಲ್ಲಿ 1296ರಲ್ಲಿ ಸಮಾಧಿಸ್ಥರಾದ ಜ್ಞಾನೇಶ್ವರರೇ ಇದನ್ನು ಮಾಡಿದರೆಂಬ ಹೇಳಿಕೆ ಉಂಟು. ಹೇಳಿಕೆಯನ್ನು ಹೇಳಿಕೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಉಳಿದು ಬಂದಿರುವ ಪಟಗಳು ಹೆಚ್ಚಾಗಿ 18ನೆಯ ಶತಮಾನದವು ಮತ್ತು ಅದಕ್ಕೂ ಈಚಿನವು. ಪಶ್ಚಿಮ ಭಾರತದ ಇಂಥ ಪಟಗಳ ಮೇಲೆಯೇ ಯಾಕೋಬ್ ಸ್ಮಿತ್-ಮ್ಯಾಡ್ಸನ್ ಎಂಬ ಡೆನ್ಮಾರ್ಕಿನ ವಿದ್ವಾಂಸರು ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ 2019ರಲ್ಲಿ ಪ್ರೌಢ ಪ್ರಬಂಧ ಒಪ್ಪಿಸಿದ್ದಾರೆ. ಜೈನರಲ್ಲಿ 84 ಮನೆಗಳ ಜ್ಞಾನಬಾಜಿ ಇತ್ತು. ಸೂಫಿಗಳ ಪಟವೂ ಉಂಟು. ನಮಗೆ ಸಿಕ್ಕದ್ದು ವೈಷ್ಣವರ 72 ಮನೆಗಳ ಪಟ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಇದು ಇಂಗ್ಲೆಂಡಿಗೆ ಹೋಗಿ, ಮನೆಗಳ ಹೆಸರು ಕಳೆದುಕೊಂಡು, ಬಣ್ಣದ ರಟ್ಟಿನ ಮೇಲೆ ಮಕ್ಕಳ ಆಟವಾಗಿ ಮತ್ತೆ ನಮ್ಮ ಅಂಗಡಿಗೇ ಬಂತು.

ಪಟ ಬರೆಯುವುದು ಸುಲಭ. ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಎಂಟು ಮನೆ. ಕೆಳಗೆ ಎಡಮೂಲೆಯಿಂದ 1 ಎಂದು ಹಾಕಿ ಬಲಕ್ಕೆ 9ರವರೆಗೆ ಹೋಗಬೇಕು. 10 ಅದರ ಮೇಲೆಯೇ ಬಂದು, ಎರಡನೆಯ ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಎತ್ತು ಹೊಲ ಉತ್ತು ತಿರುಗುವ ಹಾಗೆ. ಹೀಗೆ ಬರೆದು ಮುಗಿಸಿದ ಮೇಲೆ ನಡುವಿನ ಕಂಬಸಾಲನ್ನು ನೋಡಿರಿ. 5 ಭೂಲೋಕ, 14 ಭುವರ್ಲೋಕ, 23 ಸ್ವರ್ಗಲೋಕ, 32 ಮಹರ್ಲೋಕ, 41 ಜನಲೋಕ, 50 ತಪೋಲೋಕ, 59 ಸತ್ಯಲೋಕ, 68 ವೈಕುಂಠ. ಒಂಬತ್ತೊಂಬತ್ತರ ಅಂತರದಲ್ಲಿ ಲೋಕಗಳು ಒಂದರ ಮೇಲೊಂದು ನೆಟ್ಟಗೆ ನಿಂತಿವೆ. ಇದನ್ನು ಮೊದಲು ಕಂಡಾಗ, ಲೆಕ್ಕ ಬಲ್ಲವನೇ ಇದನ್ನು ಹೂಡಿದ್ದಾನೆಂದು ನಮಗೆ ಬಹಳ ಸಂತೋಷವಾಯಿತು.

ಏಣಿ ಹತ್ತು. ತಪಸ್ಸು 10ರಿಂದ 23ಕ್ಕೆ, ದಯೆ 17ರಿಂದ 69ಕ್ಕೆ, ದಾನ 20ರಿಂದ 32ಕ್ಕೆ, ಧರ್ಮ 22ರಿಂದ 60ಕ್ಕೆ, ಪರಮಾರ್ಥ 27ರಿಂದ 41ಕ್ಕೆ, ಸುಧರ್ಮ 28ರಿಂದ 50ಕ್ಕೆ, ಜ್ಞಾನ 37ರಿಂದ 66ಕ್ಕೆ, ಸುವಿದ್ಯೆ 45ರಿಂದ 67ಕ್ಕೆ, ವಿವೇಕ 46ರಿಂದ 62ಕ್ಕೆ, ಭಕ್ತಿ 54ರಿಂದ ನೇರವಾಗಿ 68ಕ್ಕೆ. ಹಾವೂ ಹತ್ತೇ. ಈರ್ಷ್ಯೆ 12ರಿಂದ 8ಕ್ಕೆ, ದ್ವೇಷ 16ರಿಂದ 4ಕ್ಕೆ, ಕುಸಂಗ 24ರಿಂದ 7ಕ್ಕೆ, ಅಧರ್ಮ 29ರಿಂದ 6ಕ್ಕೆ, ಅವಿದ್ಯೆ 44ರಿಂದ 9ಕ್ಕೆ, ಹಿಂಸೆ 52ರಿಂದ 35ರ ನರಕಕ್ಕೆ, ಅಹಂಕಾರ 55ರಿಂದ 3ಕ್ಕೆ, ದುರ್ಬುದ್ಧಿ 61ರಿಂದ 13ಕ್ಕೆ, ತಾಮಸ 63ರಿಂದ 2ಕ್ಕೆ, ಕೊನೆಗೆ ತಮೋಗುಣ 72ರಿಂದ 51ಕ್ಕೆ.

ಗಿರಣಿಯಲ್ಲಿ ಜಮಾಖರ್ಚು ಬರೆಯುವ ಕೈ ಸುಮ್ಮನಿರುವುದಿಲ್ಲ. ಏಣಿಗಳೆಲ್ಲ ಏರಿಸುವ ಮನೆಗಳನ್ನು ಕೂಡಿದರೆ 232. ಹಾವುಗಳೆಲ್ಲ ಇಳಿಸುವುದನ್ನು ಕೂಡಿದರೆ 290. ಸಂಖ್ಯೆಯಲ್ಲಿ ಸಮ, ಲೆಕ್ಕದಲ್ಲಿ ಹಾವಿನ ಕಡೆಗೆ 58 ಹೆಚ್ಚು. ಭಕ್ತಿಯ ಏಣಿಯ ಮಗ್ಗುಲಲ್ಲೇ ಅಹಂಕಾರದ ಹಾವು ಬಾಯ್ದೆರೆದು ಕುಳಿತಿರುವುದೂ ಆಕಸ್ಮಿಕವಾಗಿರಲಾರದು.

ಈಗ ಆಟದ ಕ್ರಮ. ಇಬ್ಬರಿಂದ ಆರು ಜನರವರೆಗೆ ಕೂಡಬಹುದು. ಕಾಯಿ ಬೇಡ, ಪ್ರತಿಯೊಬ್ಬರೂ ತಮ್ಮದೇ ಒಂದು ವಸ್ತುವನ್ನು ಇಡಬೇಕು, ಉಂಗುರವೋ ಬೀಗದಕೈಯೋ ಅಂಗಿಯ ಗುಂಡಿಯೋ. ಎಲ್ಲರ ವಸ್ತುವನ್ನೂ ಮೊದಲು ಇಡುವುದು 68ರಲ್ಲಿ, ಅಂದರೆ ವೈಕುಂಠದಲ್ಲೇ. ಜೀವ ಅಲ್ಲಿಂದ ಬಂದದ್ದು, ಅಲ್ಲಿಗೆ ಹೋಗತಕ್ಕದ್ದು. ಆರು ಬಿದ್ದವನಿಗೆ ಮಾತ್ರ ಜನ್ಮ. ಅವನು 1ಕ್ಕೆ ಇಳಿದು, ಅದೇ ಗರದಲ್ಲಿ 6ನೆಯ ಮನೆಯಾದ ಮೋಹಕ್ಕೆ ನಡೆಯುತ್ತಾನೆ. ಆರು ಬಿದ್ದವನು ಮತ್ತೊಮ್ಮೆ ಹಾಕಬಹುದು. ಏಣಿಯ ಬುಡಕ್ಕೆ ಬಂದರೆ ಏರಬೇಕು, ಹಾವಿನ ಹೆಡೆಗೆ ಬಂದರೆ ಇಳಿಯಬೇಕು. 68ಕ್ಕೆ ಸರಿಯಾಗಿ ಬಂದು ನಿಂತವನು ಗೆದ್ದ. ದಾಟಿದರೆ ಹಿಂದಕ್ಕೆ ಬರುವಂತಿಲ್ಲ. 72ಕ್ಕೆ ಸರಿಯಾದ ಗರ ಬೀಳುವ ತನಕ ಮೇಲೆಯೇ ತಡವರಿಸಿ, ಹಾವಿನ ಬಾಯಿಗೆ ಬಿದ್ದು, 51ರಲ್ಲಿ ಭೂಮಿ ಮುಟ್ಟಿ ಮತ್ತೆ ನಡೆಯಬೇಕು. ದಯೆಯ ಏಣಿ 69ಕ್ಕೆ, ಬ್ರಹ್ಮಲೋಕಕ್ಕೆ, ಒಯ್ಯುತ್ತದೆಂದು ಮೇಲೆ ಹೇಳಿದೆವಲ್ಲ. ಅದು ವೈಕುಂಠಕ್ಕಿಂತ ಒಂದು ಮನೆ ಆಚೆ. ಆದ್ದರಿಂದ ಪಟದ ಅತಿ ಉದ್ದದ ಏಣಿಯನ್ನು ಹತ್ತಿದವನೂ ಒಮ್ಮೆ ಭೂಮಿಗೆ ಬಾರದೆ ಗೆಲ್ಲುವಂತಿಲ್ಲ. ಇದು ನ್ಯಾಯವೇ ಎಂದು ನಮ್ಮಲ್ಲಿ ಎರಡು ಭಾನುವಾರ ವಾದವಾಯಿತು, ತೀರ್ಮಾನವಾಗಲಿಲ್ಲ.

ಒಂದು ಎಚ್ಚರಿಕೆ. ಹಳೆಯ ಪದ್ಧತಿಯೆಂದು ನಾವು ಮೊದಲು ಆರು ಕವಡೆ ಹಾಕಿ ಆಡಿದೆವು. ಅರ್ಧ ಗಂಟೆಯಾದರೂ ಒಬ್ಬರಿಗೂ ಜನ್ಮ ಬರಲಿಲ್ಲ! ಆರೂ ಕವಡೆ ಬಾಯಿ ಮೇಲಾಗಿ ಬೀಳಬೇಕಲ್ಲ; ಒಂದೊಂದು ಕವಡೆ ಸಮಸಮವಾಗಿ ಬೀಳುತ್ತದೆಂದು ಇಟ್ಟುಕೊಂಡರೂ 64 ಸಲಕ್ಕೆ ಒಮ್ಮೆ ಮಾತ್ರ ಆ ಯೋಗ. ದಾಳದಲ್ಲಾದರೆ ಆರಕ್ಕೆ ಒಂದು. ಪಾಳಿ ಮುಗಿಸಿ ಬಂದವರು ದಾಳವನ್ನೇ ಬಳಸಿರಿ.

ಇದಿಷ್ಟು ಹಳೆಯ ಕ್ರಮ. ಇದಕ್ಕೆ ನಾವು ಹೊಸದೊಂದನ್ನು ಸೇರಿಸಿದ್ದೇವೆ, ಅದು ಬಂದ ದಾರಿ ಹೀಗೆ. ನಮ್ಮ ತರುಣ ಸದಸ್ಯರೊಬ್ಬರು ತಮ್ಮ ಫೋನಿನಲ್ಲಿ 'ಬೇಸಿಕ್ ಫ್ಯಾಂಟಸಿ' ಎಂಬ ಇಂಗ್ಲಿಷ್ ಆಟದ ಪುಸ್ತಕ ತೋರಿಸಿದರು. ಅಮೆರಿಕದಲ್ಲಿ 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪ್ರಸಿದ್ಧ ಆಟದ ಜಾಡಿನಲ್ಲಿ ಕ್ರಿಸ್ ಗೊನರ್ಮನ್ ಎಂಬವರು 2006ರಲ್ಲಿ ಇದನ್ನು ಹೊರತಂದರು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಪಡೆಯಬಹುದು. ಅದರಲ್ಲಿ ಆಟಗಾರ ಮೂರು ದಾಳ ಹಾಕಿ ತನ್ನ ಪಾತ್ರದ ಬಲ, ಬುದ್ಧಿ, ಚುರುಕು ಮುಂತಾದ ಆರು ಗುಣಗಳನ್ನು ಒಂದೊಂದಾಗಿ ಗೊತ್ತುಮಾಡಿಕೊಳ್ಳುತ್ತಾನೆ. ಯೋಧನೋ ಮಾಂತ್ರಿಕನೋ ಕಳ್ಳನೋ ಆಗುತ್ತಾನೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರವಾಗಿ ಮಾತಾಡುತ್ತಾರೆ, ಏಟು ತಗುಲಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಾಸರಗೋಡಿನ ಕಡೆಯ ಗೆಳೆಯರೊಬ್ಬರು ಕೇಳಿ ನಕ್ಕು, "ಇದು ನಮ್ಮ ತಾಳಮದ್ದಳೆಗೆ ದಾಳ ಕೊಟ್ಟಂತಾಯಿತು ಮಾರಾಯ್ರೆ" ಎಂದರು. ನಿಜವೇ. ವೇಷವಿಲ್ಲ, ರಂಗವಿಲ್ಲ, ಕುಳಿತಲ್ಲೇ ಒಬ್ಬರು ಕರ್ಣ, ಒಬ್ಬರು ಕೃಷ್ಣ, ಭಾಗವತರು ಪದ ಹಾಡಿದ ಮೇಲೆ ಅರ್ಥ ಹೇಳುವವರು ಆ ಕ್ಷಣಕ್ಕೆ ಹೊಳೆದ ಮಾತಿನಿಂದ ವಾದಿಸಬೇಕು.

ಆ ಇಂಗ್ಲಿಷ್ ಪುಸ್ತಕವನ್ನು ಓದಿ ಆಡುವಷ್ಟು ಪುರಸತ್ತು ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಅದರಿಂದ ಒಂದೇ ನಿಯಮ ಎರವಲು ತಂದೆವು: ಹೆಸರಿನ ಮನೆಗೆ ಬಂದವನು ಆ ಮನೆಯಲ್ಲಿ ನಿಂತ ಜೀವವಾಗಿ ನಾಲ್ಕು ಮಾತು ಆಡಬೇಕು. 'ನಾನು' ಎನ್ನಬಾರದು, 'ಈ ಜೀವ' ಎನ್ನಬೇಕು. ಉಳಿದವರು ನಡುವೆ ಬಾಯಿ ಹಾಕಬಾರದು.

ಮೊದಮೊದಲು ನಗೆಯೇ ಹೆಚ್ಚಿತ್ತು. ಮೂರನೆಯ ಭಾನುವಾರ ಇಂಡಿ ತಾಲೂಕಿನ ಕಡೆಯಿಂದ ಬಂದ ಹುಡುಗನೊಬ್ಬ 24ಕ್ಕೆ, ಕುಸಂಗಕ್ಕೆ, ಬಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಈ ಜೀವ ಹೋದ ತಿಂಗಳ ಪಗಾರದಾಗ ಅರ್ಧ ಇಸ್ಪೀಟಿನಾಗ ಕಳಕೊಂಡದ. ರೊಕ್ಕ ಯಾಕ ಬಂದಿಲ್ಲಂತ ಅಪ್ಪ ಫೋನ್ ಮಾಡಿದ್ರ, ಇನ್ನಾ ಪಗಾರ ಆಗಿಲ್ಲಂತ ಸುಳ್ಳು ಹೇಳೇದ." ಒಬ್ಬಿಬ್ಬರು ನಗಲು ಹೊರಟು ನಿಲ್ಲಿಸಿದರು. ಅವನ ಖೋಲಿಯವರು ಮೂವರು ಅಲ್ಲೇ ಕುಳಿತಿದ್ದರು; ಆ ರೊಕ್ಕ ಗೆದ್ದವನೂ ಅವರಲ್ಲೊಬ್ಬ. ಹುಡುಗ ತನ್ನ ಬೀಗದಕೈಯನ್ನು ತಾನೇ 7ಕ್ಕೆ ಇಳಿಸಿ ದಾಳವನ್ನು ಪಕ್ಕದವನಿಗೆ ಕೊಟ್ಟ. ಆ ಮಾತನ್ನು 'ನಾನು' ಎಂದು ಆಡಬೇಕಾಗಿದ್ದರೆ ಅವನು ಆಡುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ಮುಂದಿನ ಭಾನುವಾರ ಆ ಖೋಲಿಯ ನಾಲ್ವರೂ ಬಂದಿದ್ದರು. ಇಸ್ಪೀಟು ನಿಂತಿತೇ ಎಂದು ನಾವು ಕೇಳಲಿಲ್ಲ. ಊರಿಗೆ ಫೋನ್ ಮಾಡಿದೆನೆಂದು ಮಾತ್ರ ಹುಡುಗ ಹೋಗುವಾಗ ಬಾಗಿಲಲ್ಲಿ ತಾನಾಗಿ ಹೇಳಿದ.

ಹಳೆಯ ಕಾಗದ ಮಡಿಕೆಗಳಲ್ಲಿ ಹರಿಯುತ್ತಿರುವುದರಿಂದ ಅದನ್ನು ಕಪಾಟಿನಲ್ಲೇ ಇಟ್ಟಿದ್ದೇವೆ. ಗಿರಣಿಯ ತುಂಡು ಬಟ್ಟೆಯ ಮೇಲೆ ಎಪ್ಪತ್ತೆರಡೂ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಹೊಸ ಪಟ ವೃತ್ತಪತ್ರಿಕೆಯ ಮೇಜಿನ ಹಿಂದೆ ತೂಗುತ್ತದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಭಾನುವಾರ ಸಂಜೆ ನಾಲ್ಕರಿಂದ ಆಟ. ದಾಳ ಎರಡಿದ್ದವು, ಒಂದು ಕಾಣೆಯಾಗಿದೆ. ಸಿಕ್ಕವರು ದಯವಿಟ್ಟು ಮೇಜಿನ ಖಾನೆಯಲ್ಲಿ ಹಾಕಬೇಕು.