ಊರಿನ ಆರೈಕೆ: ದಯೆಯೋ, ಹಕ್ಕೋ?

ಮನೋರೋಗಿಗಳನ್ನು ಎತ್ತರವಾದ ಗೋಡೆಗಳ ಹಿಂದೆ ಇರಿಸುವುದೇ ಯುಕ್ತವೆಂಬ ನಂಬಿಕೆಯು ನಮ್ಮ ದೇಶದಲ್ಲಿ ಬಹುಕಾಲ ಬೇರೂರಿದ್ದಿತು. ೧೯೧೨ರ ಕಾಯಿದೆಯು ಅವರನ್ನು ಹುಚ್ಚರೆಂದೇ ಕರೆಯಿತು. ಅವರನ್ನು ಎಲ್ಲಿ ಇಡಬೇಕು, ಯಾರ ಆಜ್ಞೆಯ ಮೇರೆಗೆ ಇಡಬೇಕು ಎಂಬುದೇ ಅದರ ಮುಖ್ಯ ಚಿಂತೆ. ಅವರು ತಾವಾಗಿ ಏನನ್ನು ಕೇಳಬಹುದೆಂಬುದನ್ನು ಸವಿಸ್ತಾರವಾಗಿ ಹೇಳಿದುದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ.

ರೋಗಿಯನ್ನು ಅವನ ಊರಿನಲ್ಲಿಯೇ ಆರೈಕೆ ಮಾಡಬಹುದೆಂಬುದನ್ನು ನಮ್ಮ ನಾಡು ಅದಕ್ಕೂ ಮೊದಲೇ ತೋರಿಸಿದ್ದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯನ್ನಿತ್ತು, ಚಿಕಿತ್ಸೆಯೇ ರೋಗಿಯ ಹತ್ತಿರಕ್ಕೆ ಹೋಗುವಂತೆ ಮಾಡಿತು. ೧೯೯೬ರಲ್ಲಿ ಭಾರತ ಸರಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಕನ್ನಡಿಗರು ಇದಕ್ಕಾಗಿ ಹೆಮ್ಮೆಪಟ್ಟರೆ ತಪ್ಪಿಲ್ಲ.

ಆದರೆ ಆಸ್ಪತ್ರೆಯ ಗೋಡೆಯನ್ನು ದಾಟಿದ ಮಾತ್ರಕ್ಕೆ ಬಂಧನವು ಬಿಟ್ಟಿತೆಂದು ತಿಳಿಯಲಾಗದು. ೨೦೦೧ನೆಯ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದ ದುರಂತವನ್ನು ವಾಚಕರು ಮರೆತಿರಲಾರರು. ಅಲ್ಲಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯಸ್ಥಾನದ ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಳಿಗಳಿಂದ ಬಿಗಿಯಲ್ಪಟ್ಟಿದ್ದ ರೋಗಿಗಳು ಓಡಲಾರದೆ ಹೋದರು; ೨೮ ಮಂದಿ ಪ್ರಾಣ ನೀಗಿದರು. ಅವರಿದ್ದುದು ಸರಕಾರದ ಆಸ್ಪತ್ರೆಯಲ್ಲಲ್ಲ, ಜನರ ನಡುವೆ. ಹಕ್ಕಿಲ್ಲದ ಆರೈಕೆಯು ಸೆರೆಮನೆಗಿಂತಲೂ ಕ್ರೂರವಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ?

ಆದುದರಿಂದಲೇ ಈಗಿನ ಕಾಯಿದೆಯು ಸರಪಳಿಯನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಬಲವಂತವಾಗಿ ತಲೆ ಬೋಳಿಸಕೂಡದು. ಸಂಸ್ಥೆಯ ಸಮವಸ್ತ್ರವನ್ನು ಹೇರಕೂಡದು. ದುಡಿಸಿಕೊಂಡರೆ ಸಂಬಳವನ್ನು ಕೊಡಲೇಬೇಕು. ರೋಗಿಯು ತನ್ನ ಚಿಕಿತ್ಸೆಯ ದಾಖಲೆಗಳನ್ನು ಕೇಳಬಹುದು, ಬಂಧುಮಿತ್ರರೊಡನೆ ಸಂಪರ್ಕವಿಟ್ಟುಕೊಳ್ಳಬಹುದು, ಸೇವೆಯಲ್ಲಿ ಕೊರತೆಯಿದ್ದರೆ ದೂರು ಕೊಡಬಹುದು. ಉಚಿತವಾದ ಕಾನೂನಿನ ನೆರವೂ ಅವನಿಗುಂಟು. ಅದನ್ನು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ, ಪೋಲೀಸ್ ಅಧಿಕಾರಿಯ, ವೈದ್ಯಾಧಿಕಾರಿಯ ಕರ್ತವ್ಯವೆಂದು ಕಾಯಿದೆಯೇ ವಿಧಿಸಿದೆ. ಅಧಿಕಾರದ ಸ್ಥಾನದಲ್ಲಿರುವ ನಮ್ಮ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿಸುತ್ತೇವೆ.

ಇವೆಲ್ಲಕ್ಕಿಂತ ಹಿರಿದಾದುದು ಹತ್ತೊಂಬತ್ತನೆಯ ಕಲಮು. ಸಮಾಜದಲ್ಲಿ ಬಾಳುವ ಹಕ್ಕು ಮನೋರೋಗಿಗೂ ಇದೆಯೆಂದು ಅದು ಸಾರುತ್ತದೆ. ಮನೆಯವರಿಲ್ಲವೆಂದಾಗಲಿ, ಇದ್ದೂ ಒಪ್ಪುವುದಿಲ್ಲವೆಂದಾಗಲಿ, ಇರಲು ಸೂರಿಲ್ಲವೆಂದಾಗಲಿ, ಊರಿನಲ್ಲಿ ತಕ್ಕ ಏರ್ಪಾಡಿಲ್ಲವೆಂದಾಗಲಿ, ಅಷ್ಟರಿಂದಲೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದು. ಕಚೇರಿಗಳಲ್ಲಿ ಹೇಳಬಹುದಾದ ನೆಪಗಳನ್ನೆಲ್ಲ ಶಾಸನಕಾರರು ಮುಂದಾಗಿಯೇ ಎಣಿಸಿ ಅಲ್ಲಗಳೆದಂತಿದೆ! ಆಸ್ಪತ್ರೆಯ ವಾಸ ಇನ್ನು ಬೇಡವಾದವರಿಗಾಗಿ ಮಧ್ಯಂತರ ವಸತಿಗೃಹಗಳನ್ನೂ ಸಾಮೂಹಿಕ ಗೃಹಗಳನ್ನೂ ಯುಕ್ತಕಾಲದಲ್ಲಿ ಏರ್ಪಡಿಸುವ, ಇಲ್ಲವೆ ಅಂಥವುಗಳಿಗೆ ನೆರವೀಯುವ ಭಾರವನ್ನು ಅದು ಸರಕಾರದ ಮೇಲೆಯೇ ಹೊರಿಸಿದೆ. ಹಣವಿಲ್ಲವೆಂಬ ಉತ್ತರದಿಂದ ಈ ಭಾರವು ಇಳಿಯದು. ಗುಣಹೊಂದಿದವನನ್ನು ಹೋಗಲು ತಾವಿಲ್ಲವೆಂದು ಒಳಗೇ ಇರಿಸಿಕೊಂಡರೆ, ಅದಕ್ಕೆ ಆರೈಕೆಯೆಂಬ ಹೆಸರು ಸಲ್ಲದೆಂದು ಹೇಳದೆ ನಿರ್ವಾಹವಿಲ್ಲ.

ಸರಕಾರವನ್ನು ದೂರಿ ಕೈ ತೊಳೆದುಕೊಳ್ಳುವ ಅಧಿಕಾರ ನಮಗೂ ಇಲ್ಲ. ವಸತಿಗೃಹಕ್ಕೆ ಬಾಡಿಗೆಗೆ ಕಟ್ಟಡ ಕೊಡಬೇಕಾದವರು ಊರಿನವರು. ಗುಣವಾದವನಿಗೆ ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಕೊಡಬೇಕಾದವರೂ ಅವರೇ. ತಮ್ಮ ಬೀದಿಯಲ್ಲಿ ಅಂಥ ಮನೆ ಬೇಡವೆಂದು ನೆರೆಹೊರೆಯವರೇ ಅರ್ಜಿ ಬರೆದರೆ ಯಾವ ಕಲಮು ತಾನೇ ಏನು ಮಾಡೀತು? ಭಿಕ್ಷೆಯನ್ನು ಕೊಡುವವನು ಮನಸ್ಸಿಲ್ಲದಾಗ ಕೈ ಹಿಂದೆಗೆಯಬಹುದು. ಹಕ್ಕಿನ ವಿಷಯದಲ್ಲಿ ಹಾಗೆ ಮಾಡಬರುವುದಿಲ್ಲ. ಪ್ರತಿ ಜಿಲ್ಲೆಯಲ್ಲಿಯೂ ಇಂಥ ವಸತಿಗೃಹಗಳೆಷ್ಟಿವೆ, ಎಷ್ಟು ಬೇಕು ಎಂಬುದನ್ನು ಸರಕಾರವು ಪ್ರಕಟಿಸಲಿ. ಅವುಗಳಿಗೆ ಎಡೆಗೊಡಲು ನಾಗರಿಕರು ಸಿದ್ಧರಾಗಲಿ.